ಶೋಕವೂ ರೋಗವೂ

ಗುರುತ್ವಾಕರ್ಷಣೆಯ ನಿಯಮವನ್ನು ಚೆನ್ನಾಗಿ ಬಲ್ಲವನು ಮಹಡಿಯ ಮೆಟ್ಟಿಲಿನ ಮೇಲೆ ಕಾಲುಜಾರಿದರೆ ಬೀಳದೆ ಉಳಿಯುವನೆ? ನಿಯಮವನ್ನು ಬಲ್ಲವನಿಗೂ ಅರಿಯದವನಿಗೂ ವೇಗೋತ್ಕರ್ಷವು ಒಂದೇ. ಇದನ್ನು ಯಾರೂ ವಿಚಿತ್ರವೆನ್ನುವುದಿಲ್ಲ. ಹೃದ್ರೋಗದ ವೈದ್ಯನಿಗೇ ಹೃದ್ರೋಗ ಬಂದರೆ ನಾವು ಅಯ್ಯೋ ಪಾಪ ಎನ್ನುವೆವೇ ಹೊರತು ಅವನ ವಿದ್ಯೆಯನ್ನು ಸಂಶಯಿಸುವುದಿಲ್ಲ. ಆದರೆ ಮನಸ್ಸಿನ ವಿಷಯ ಬಂದಾಗ ಮಾತ್ರ ನಮ್ಮ ತರ್ಕವು ಬೇರೆ ದಾರಿ ಹಿಡಿಯುವುದು. ಇತರರ ಮನಸ್ಸಿಗೆ ಸಮಾಧಾನ ಹೇಳುವುದನ್ನೇ ವೃತ್ತಿಯಾಗಿ ಉಳ್ಳವನು ತಾನೇ ದುಃಖದಲ್ಲಿ ಮುಳುಗಿ ಇನ್ನೊಬ್ಬ ವೈದ್ಯನ ಬಾಗಿಲಿಗೆ ಹೋದರೆ, ‘ಇವನು ಊರವರಿಗೆ ಏನು ಹೇಳಿಯಾನು!’ ಎಂದು ಮೂಗು ಮುರಿಯುವವರೇ ಹೆಚ್ಚು. ಇನ್ನೂ ವಿಚಿತ್ರವೆಂದರೆ, ಆ ಸಲಹೆಗಾರನೂ ತನ್ನ ವಿಷಯದಲ್ಲಿ ಅನೇಕ ವೇಳೆ ಹಾಗೆಯೇ ಯೋಚಿಸುವನು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ಎಂಬವರಿಗೆ ಈ ಸಂಕಟವು ಜೀವನದಲ್ಲಿ ಎರಡು ಬಗೆಯಾಗಿ ಒದಗಿತು. ಮೊದಲು ಬಂದುದು ರೋಗ. ಬಹುಕಾಲದ ಮೇಲೆ ಬಂದುದು ಶೋಕ. ಎರಡನ್ನೂ ಒಳಗಿನಿಂದ ಅನುಭವಿಸಿ, ಎರಡನ್ನೂ ಶಾಸ್ತ್ರದ ಕಣ್ಣಿನಿಂದ ನೋಡಿ, ಅವುಗಳ ನಡುವಣ ಗೆರೆಯು ಎಲ್ಲಿದೆಯೆಂದು ಬರೆದಿಟ್ಟವರು ಬಹಳ ಮಂದಿಯಿಲ್ಲ. ಆದುದರಿಂದ ಅವರ ಅನುಭವವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇವೆ. ಯಾವುದೂ ಗುಟ್ಟಿನ ಸಂಗತಿಯಲ್ಲ. 1995ರಲ್ಲಿ ‘ಆ್ಯನ್ ಅನ್‌ಕ್ವಯಟ್ ಮೈಂಡ್’ ಎಂಬ ಆತ್ಮಕಥೆಯಲ್ಲಿಯೂ 2009ರಲ್ಲಿ ‘ನಥಿಂಗ್ ವಾಸ್ ದ ಸೇಮ್’ ಎಂಬ ಪುಸ್ತಕದಲ್ಲಿಯೂ ಅವರೇ ಇದನ್ನೆಲ್ಲ ಲೋಕದ ಮುಂದೆ ಇಟ್ಟಿರುವರು.

ಜೇಮಿಸನ್ ಹುಟ್ಟಿದುದು 1946ರಲ್ಲಿ. ತಂದೆ ಅಮೆರಿಕದ ವಾಯುಸೇನೆಯಲ್ಲಿ ಹವಾಶಾಸ್ತ್ರಜ್ಞ. ಆಕಾಶದ ಬಿರುಗಾಳಿಯನ್ನು ಮುಂದಾಗಿ ಕಾಣಬಲ್ಲ ಆ ತಂದೆಯ ಮನಸ್ಸಿನಲ್ಲಿಯೂ ಅತಿಯಾದ ಉಲ್ಲಾಸ ಮತ್ತು ಕವಿದ ಕತ್ತಲೆ ಒಂದರ ಹಿಂದೆ ಒಂದು ಬರುತ್ತಿದ್ದುವೆಂದು ಮಗಳು ಬರೆದಿರುವರು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಅವರಿಗೇ ಅದು ಮೊದಲ ಬಾರಿ ತಟ್ಟಿತು. ಕೆಲವು ವಾರ ನಿದ್ರೆಯೇ ಬೇಡವೆನಿಸುವ ಉತ್ಸಾಹ. ಅನಂತರ ಓದಿದ ಸಾಲು ಅರ್ಥವಾಗದೆ, ಬದುಕಿನಲ್ಲಿ ರುಚಿಯಿಲ್ಲದೆ, ಸಾವಿನ ಯೋಚನೆಯೇ ಮನಸ್ಸನ್ನು ಮುತ್ತಿದ ತಿಂಗಳುಗಳು. ಆ ವಯಸ್ಸಿನಲ್ಲಿ ಅವರು ಯಾರಿಗೂ ಹೇಳಲಿಲ್ಲ. ಹೊರಗೆ ನಗುತ್ತಲೇ ಇದ್ದರು. ಇದೇ ವಯಸ್ಸಿನವರಾದ ನಮ್ಮ ಓದುಗರು ಈ ಮಾತನ್ನು ಗಮನಿಸತಕ್ಕದ್ದು.

ಮುಂದೆ ಅವರು ಮನಶ್ಶಾಸ್ತ್ರವನ್ನೇ ಓದಿದರು. 1974ರಲ್ಲಿ, 28ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗದಲ್ಲಿ ಅಧ್ಯಾಪಕಿಯಾಗಿ ಸೇರಿದರು. ಸೇರಿ ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಉನ್ಮಾದವು ಪೂರ್ಣರೂಪದಲ್ಲಿ ಬಂದಿತು. ಕೈಗೆ ಸಿಕ್ಕಿದ ಅಂಗಡಿಯಲ್ಲೆಲ್ಲ ಬೇಕಾದುದನ್ನೂ ಬೇಡವಾದುದನ್ನೂ ಕೊಂಡರು. ಹಾವು ಕಡಿದಾಗ ಮಾಡುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನೇ ಒಂದು ಡಜನ್ ಕೊಂಡದ್ದುಂಟು. ಉನ್ಮಾದವು ಇಳಿದ ಮೇಲೆ ಬಿಲ್ಲುಗಳ ರಾಶಿಯನ್ನು ನೆಲದ ಮೇಲೆ ಹರಡಿಕೊಂಡು ಒಂದೊಂದಾಗಿ ತೀರಿಸಲು ನೆರವಾದವನು ಅರ್ಥಶಾಸ್ತ್ರಜ್ಞನಾದ ಅಣ್ಣ. ಅದಕ್ಕಾಗಿ ಅವನು ಸಾಲವನ್ನೂ ಮಾಡಿದನು.

ಈ ರೋಗಕ್ಕೆ ಹಿಂದಿನವರು ಉನ್ಮಾದ-ಖಿನ್ನತೆ ಎನ್ನುತ್ತಿದ್ದರು. ಇಂದು ವೈದ್ಯರು ಬೈಪೋಲಾರ್ ರೋಗವೆನ್ನುವರು. ಜೇಮಿಸನ್ ಪಾಠಹೇಳುತ್ತಿದ್ದ, ರೋಗಿಗಳಲ್ಲಿ ಗುರುತಿಸುತ್ತಿದ್ದ ರೋಗವೇ ಅದು. ಇಷ್ಟಾದರೂ ಅವರು ವೈದ್ಯರಲ್ಲಿಗೆ ಹೋಗಲು ಹಿಂಜರಿದರು, ಹೋದ ಮೇಲೂ ಔಷಧವನ್ನು ಸರಿಯಾಗಿ ತೆಗೆದುಕೊಳ್ಳಲಿಲ್ಲ. ಇದಕ್ಕೆ ಅವರು ಕೊಡುವ ಕಾರಣಗಳು ಸ್ವಾರಸ್ಯವಾಗಿವೆ. ತನ್ನ ಮನಸ್ಸನ್ನು ತಾನೇ ಆಳಬೇಕೆಂಬ ಛಲವೊಂದು. ಉನ್ಮಾದದ ಮೊದಲ ಹಂತದಲ್ಲಿ ಸಿಗುವ ರೆಕ್ಕೆ ಬಂದಂಥ ಉಲ್ಲಾಸವನ್ನು ಬಿಟ್ಟುಕೊಡಲಾರದ ಆಸೆ ಮತ್ತೊಂದು. ಮನೆಯಲ್ಲಿಯೂ ಒಮ್ಮತವಿರಲಿಲ್ಲ, ಔಷಧವನ್ನು ನಂಬುವುದು ತನ್ನತನವನ್ನು ಮಾರಿಕೊಂಡಂತೆ ಎಂಬುದು ಅಕ್ಕನ ವಾದವಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಔಷಧವು ಅವರಿಂದ ಓದನ್ನು ಕಸಿದುಕೊಂಡಿತು. ಆಗಿನ ದೊಡ್ಡ ಪ್ರಮಾಣದಿಂದ ಕೈ ನಡುಗುತ್ತಿತ್ತು, ವಾಕರಿಕೆ ಬರುತ್ತಿತ್ತು, ಅಕ್ಷರಗಳು ಮಸುಕಾಗುತ್ತಿದ್ದುವು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಗಂಭೀರವಾದ ಯಾವ ಪುಸ್ತಕವನ್ನೂ ಮೊದಲಿನಿಂದ ಕೊನೆಯವರೆಗೆ ಓದಲಾಗಲಿಲ್ಲವಂತೆ. ಪುಸ್ತಕವೇ ಜೀವವಾದವರಿಗೆ ಇದು ಎಂಥ ದಂಡವೆಂಬುದನ್ನು ನಾವು ಊಹಿಸಬಹುದು.

ಔಷಧ ಬಿಟ್ಟಾಗ ಮತ್ತೆ ಉನ್ಮಾದ, ಅದರ ಬೆನ್ನಿಗೇ ಖಿನ್ನತೆ. ಅಂಥ ಒಂದು ದೀರ್ಘ ಖಿನ್ನತೆಯಲ್ಲಿ ಅವರು ತಮ್ಮ ಜೀವವನ್ನೇ ಕಳೆದುಕೊಳ್ಳಲು ಯತ್ನಿಸಿದರು. ಅವರು ಉಳಿದುದು ನಮ್ಮ ಪುಣ್ಯ. ಆ ಕಾಲದಲ್ಲಿ ಅವರನ್ನು ಹಿಡಿದು ನಿಲ್ಲಿಸಿದವರು ವಾರಕ್ಕೆ ಹಲವು ಸಲ ಕಂಡು ಮಾತನಾಡುತ್ತಿದ್ದ ಮನೋವೈದ್ಯರು, ತಾಯಿ, ಅಣ್ಣ ಮತ್ತು ಕೆಲವು ಗೆಳೆಯರು. ಮಾತು ಮತ್ತು ಗುಳಿಗೆ ಎರಡೂ ಅವರಿಗೆ ಬೇಕಾದುವು. ಗುಳಿಗೆಯಿಲ್ಲದೆ ಉನ್ಮಾದವು ನಿಲ್ಲುತ್ತಿರಲಿಲ್ಲ. ಆದರೆ ಗುಳಿಗೆಯನ್ನು ನುಂಗುವಂತೆ ಮನಸ್ಸನ್ನು ಒಪ್ಪಿಸುವ ಗುಳಿಗೆಯು ಯಾವ ಔಷಧದ ಅಂಗಡಿಯಲ್ಲಿಯೂ ಸಿಗದು. ಆ ಕೆಲಸವನ್ನು ಮಾಡಿದುದು ವೈದ್ಯರೊಡನೆ ನಡೆದ ಮಾತು.

ಈ ಔಷಧವು ಯಾವುದು? ಇಲ್ಲಿ ಭೌತವಿಜ್ಞಾನವನ್ನು ಪಾಠಹೇಳುವ ನಮಗೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಅದು ಲಿಥಿಯಮ್ಮಿನ ಲವಣ. ಮೂಲವಸ್ತುಗಳ ಪಟ್ಟಿಯಲ್ಲಿ ಜಲಜನಕ, ಹೀಲಿಯಮ್‌ಗಳ ತರುವಾಯ ಮೂರನೆಯದು ಲಿಥಿಯಮ್. ಲೋಹಗಳಲ್ಲೆಲ್ಲ ಹಗುರವಾದುದು, ಎಣ್ಣೆಯ ಮೇಲೂ ತೇಲುವುದು. ವಿಶ್ವವು ಹುಟ್ಟಿದ ಮೊದಲ ಕೆಲವು ನಿಮಿಷಗಳಲ್ಲಿಯೇ ಇದರ ಅಲ್ಪಾಂಶವು ಉಂಟಾಗಿದ್ದಿತು. 1817ರಲ್ಲಿ ಸ್ವೀಡನ್ನಿನ ಅರ್ಫ್‌ವೆಡ್‌ಸನ್ ಎಂಬವನು ಇದನ್ನು ಒಂದು ಖನಿಜದಲ್ಲಿ ಕಂಡುಹಿಡಿದನು. ಕಲ್ಲಿನಿಂದ ಬಂದುದಾದುದರಿಂದ ಗ್ರೀಕ್ ಭಾಷೆಯ ‘ಕಲ್ಲು’ ಎಂಬ ಪದದಿಂದಲೇ ಹೆಸರಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಕಳೆದು ಬಂದ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಎಂಬವನು, ಉನ್ಮಾದಕ್ಕೆ ಕಾರಣ ರಕ್ತದಲ್ಲಿರುವ ಯಾವುದೋ ವಿಷವಿರಬಹುದೆಂಬ ಊಹೆಯಿಂದ ಗಿನಿ ಹಂದಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಊಹೆಯು ತಪ್ಪಾಗಿದ್ದಿತು. ಆದರೆ ಪ್ರಯೋಗಕ್ಕೆ ಅನುಕೂಲವೆಂದು ಬಳಸಿದ ಲಿಥಿಯಮ್ ಲವಣದಿಂದ ಆ ಪ್ರಾಣಿಗಳು ಶಾಂತವಾದುದನ್ನು ಅವನು ಕಂಡನು. ಮೊದಲು ತಾನೇ ಸೇವಿಸಿ ನೋಡಿ, ಅನಂತರ ರೋಗಿಗಳಿಗೆ ಕೊಟ್ಟು, ಉನ್ಮಾದದ ಹತ್ತು ಮಂದಿ ರೋಗಿಗಳ ವಿವರವನ್ನು 1949ರಲ್ಲಿ ಪ್ರಕಟಿಸಿದನು.

ಕಥೆಯು ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಕೇಡನ ಮೊದಲ ರೋಗಿಯು ಗುಣವಾಗಿ ಮನೆಗೆ ಹೋದನು. ಔಷಧ ಬಿಟ್ಟು ಮತ್ತೆ ರೋಗಕ್ಕೆ ಬಿದ್ದನು. ಮತ್ತೆ ಕೊಡಲಾಗಿ, 1950ರಲ್ಲಿ ಲಿಥಿಯಮ್ಮಿನ ವಿಷದಿಂದಲೇ ಸತ್ತನು. ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರವು ಅಷ್ಟು ಕಿರಿದು. ಈ ತೊಡಕನ್ನು ಬಿಡಿಸಿದುದು ವರ್ಣಪಟಲ ವಿಜ್ಞಾನ. ಲಿಥಿಯಮ್ಮನ್ನು ಜ್ವಾಲೆಯಲ್ಲಿಟ್ಟರೆ ಕಡುಗೆಂಪು ಬೆಳಕು ಬರುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರುವರು. ಆ ಬೆಳಕಿನ ತರಂಗಾಂತರ ಸುಮಾರು 671 ನ್ಯಾನೊಮೀಟರು. ಜ್ವಾಲೆಗೆ ರಕ್ತದ ದ್ರವವನ್ನು ಸಿಂಪಡಿಸಿ, ಆ ಕೆಂಪಿನ ತೀಕ್ಷ್ಣತೆಯನ್ನು ಅಳೆದರೆ ರಕ್ತದಲ್ಲಿರುವ ಲಿಥಿಯಮ್ ಎಷ್ಟೆಂಬುದು ತಿಳಿಯುತ್ತದೆ. ಹೀಗೆ ಅಳತೆ ಮಾಡುತ್ತ ಕೊಡುವುದು ಸಾಧ್ಯವಾದ ಮೇಲೆ ಔಷಧವು ನಂಬಿಕೆಗೆ ಅರ್ಹವಾಯಿತು; ಅಮೆರಿಕದಲ್ಲಿ 1970ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಎಂದರೆ ಜೇಮಿಸನ್ ರೋಗಕ್ಕೆ ತುತ್ತಾಗುವುದಕ್ಕೆ ನಾಲ್ಕೇ ವರ್ಷ ಮೊದಲು! ಇಂದು ಅಳತೆಯ ಉಪಕರಣಗಳು ಬದಲಾಗಿವೆ. ಆದರೆ ಲಿಥಿಯಮ್ ಸೇವಿಸುವವರು ಆಗಾಗ ರಕ್ತವನ್ನು ಪರೀಕ್ಷಿಸಿಕೊಳ್ಳಲೇಬೇಕೆಂಬ ನಿಯಮವು ಬದಲಾಗಿಲ್ಲ.

ಔಷಧವು ನೆಲೆಗೊಂಡ ಮೇಲೆ ಜೇಮಿಸನ್ನರ ವಿದ್ವತ್ತೂ ಬೆಳೆಯಿತು. ತಮ್ಮ ವಿಶ್ವವಿದ್ಯಾಲಯದಲ್ಲಿ ಇಂಥ ರೋಗಿಗಳಿಗಾಗಿಯೇ ಒಂದು ಚಿಕಿತ್ಸಾಲಯವನ್ನು ಸ್ಥಾಪಿಸಿದರು. 1987ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. 1990ರಲ್ಲಿ ಫ್ರೆಡರಿಕ್ ಗುಡ್‌ವಿನ್ನರೊಡನೆ ಆ ರೋಗದ ಮೇಲೆ ಬರೆದ ಬೃಹದ್ಗ್ರಂಥವು ವೈದ್ಯರಿಗೆ ಆಧಾರಗ್ರಂಥವಾಯಿತು. ಆ ಗ್ರಂಥವನ್ನು ಓದಿದ ವೈದ್ಯರಲ್ಲಿ ಹೆಚ್ಚಿನವರಿಗೆ ಅದನ್ನು ಬರೆದವರಲ್ಲಿ ಒಬ್ಬರು ಅದೇ ರೋಗದವರೆಂಬುದು ತಿಳಿದಿರಲಿಲ್ಲ. 1995ರಲ್ಲಿ ಅವರು ಅದನ್ನು ಬಹಿರಂಗಪಡಿಸಿದಾಗ ತೆತ್ತ ಬೆಲೆಯೂ ಸಣ್ಣದಲ್ಲ: ರೋಗಿಗಳಿಗೆ ಚಿಕಿತ್ಸೆ ಕೊಡುವ ಕೆಲಸವನ್ನು ಅವರು ಬಿಟ್ಟುಬಿಟ್ಟರು. ತಮ್ಮ ವೈದ್ಯೆಯ ಕಥೆಯನ್ನೆಲ್ಲ ಓದಿಬಂದ ರೋಗಿಯು ತನ್ನ ಕಥೆಯನ್ನು ಬಿಚ್ಚುಮನಸ್ಸಿನಿಂದ ಹೇಳಲಾರನೆಂಬ ಅಂಜಿಕೆ ಅವರಿಗಿತ್ತು. ಈ ನಿರ್ಧಾರವು ಅಗತ್ಯವಾಗಿದ್ದಿತೆ ಎಂಬುದರಲ್ಲಿ ನಮಗೆ ಸಂದೇಹವುಂಟು. ಆದರೆ ಅವರು ವಾಸಿಸುತ್ತಿದ್ದ ಕಾಲ, ವೃತ್ತಿಗಳನ್ನು ಬಲ್ಲವರು ಅವರೇ ಅಲ್ಲವೆ?

ಇದುವರೆಗೆ ಹೇಳಿದುದು ರೋಗದ ಮಾತು. ಇನ್ನು ಶೋಕದ ಮಾತು.

1994ರಲ್ಲಿ ಜೇಮಿಸನ್ ರಿಚರ್ಡ್ ವಯಟ್ ಎಂಬ ಮನೋವೈದ್ಯರನ್ನು ಮದುವೆಯಾದರು. ವಯಟ್ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಸ್ಕಿಜೊಫ್ರೀನಿಯದ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದವರು. ಯೌವನದಲ್ಲಿಯೇ ಅವರಿಗೆ ಒಂದು ಬಗೆಯ ಕ್ಯಾನ್ಸರ್ ಬಂದು ಗುಣವಾಗಿದ್ದಿತು. ವಯಸ್ಸಾದ ಮೇಲೆ ಮತ್ತೊಂದು ಬಂದಿತು, ಅದನ್ನೂ ಗೆದ್ದರು. ಕೊನೆಗೆ ಶ್ವಾಸಕೋಶದಲ್ಲಿ ಬಂದುದನ್ನು ಗೆಲ್ಲಲಾಗಲಿಲ್ಲ. 2002ರ ಜೂನ್ ತಿಂಗಳಲ್ಲಿ, 63 ವರ್ಷ ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮನೋರೋಗಗಳನ್ನು ಬಲ್ಲ ಗಂಡ, ಮನೋರೋಗಗಳನ್ನು ಬಲ್ಲ ಹೆಂಡತಿ. ಮುಂದೆ ಬರುವುದೇನೆಂಬುದನ್ನು ಇಬ್ಬರೂ ಅರಿತಿದ್ದರು.

ಪ್ರಿಯರನ್ನು ಕಳೆದುಕೊಂಡ ಎಲ್ಲರಿಗೂ ಇರುವ ದುಃಖದ ಜತೆಗೆ ಜೇಮಿಸನ್ನರಿಗೆ ಬೇರೊಂದು ಭಯವಿತ್ತು: ಈ ಶೋಕವು ಒಳಗೆ ಮಲಗಿರುವ ರೋಗವನ್ನು ಎಬ್ಬಿಸಿದರೆ? ಭಯವು ನಿರಾಧಾರವಲ್ಲ. ನಿದ್ರೆಗೆಡುವುದು ಉನ್ಮಾದವನ್ನು ತರಬಲ್ಲುದು. ಆಪ್ತರ ಮರಣವು ಖಿನ್ನತೆಗೆ ದಾರಿಮಾಡಬಲ್ಲುದು. ಅವರು ಲಿಥಿಯಮ್ಮನ್ನು ಬಿಡಲಿಲ್ಲ. ತಮ್ಮ ಮನಸ್ಸಿನ ಏರಿಳಿತಗಳನ್ನು, ಹಿಂದೆ ರೋಗಿಗಳ ಏರಿಳಿತಗಳನ್ನು ನೋಡುತ್ತಿದ್ದಂತೆಯೇ ನೋಡುತ್ತಿದ್ದರು. ಹೀಗೆ ನೋಡುತ್ತ ಅವರು ಕಂಡುಕೊಂಡುದೇ ಆ ಎರಡನೆಯ ಪುಸ್ತಕದ ಸಾರ: ಬಂದುದು ರೋಗವಾಗಿರಲಿಲ್ಲ. ಅದು ಘೋರವಾಗಿದ್ದಿತು, ಆದರೆ ಬೇರೆಯಾಗಿದ್ದಿತು.

ಏನು ಬೇರೆ? ಅವರು ವಿವರಿಸುವ ಪ್ರಕಾರ, ಶೋಕವು ಕಡಲಿನ ತೆರೆಗಳಂತೆ ಬರುವುದು. ಗೂಟದ ಮೇಲೆ ತೂಗಿದ ಅಂಗಿ, ಪುಸ್ತಕದ ಅಂಚಿನಲ್ಲಿ ಕಂಡ ಕೈಬರಹ, ಒಂದು ಹಾಡು, ಇಂಥ ಯಾವುದೋ ನೆಪದಿಂದ ತೆರೆಯೇಳುವುದು. ಎದ್ದಾಗ ಉಸಿರು ಕಟ್ಟುವುದು. ಇಳಿದಾಗ ಮನುಷ್ಯನು ಮತ್ತೆ ಉಸಿರಾಡುವನು. ತೆರೆಗಳ ನಡುವೆ ಗೆಳೆಯರ ಮಾತು ಹಿತವೆನಿಸುವುದು, ಸತ್ತವರ ಒಂದು ಹಾಸ್ಯವನ್ನು ನೆನೆದು ನಗುವುದೂ ಉಂಟು. ಖಿನ್ನತೆಯಲ್ಲಿಯಾದರೋ ತೆರೆಗಳಿಲ್ಲ, ಎಲ್ಲ ಹೊತ್ತಿನಲ್ಲಿಯೂ ಒಂದೇ ಬೂದು ಬಣ್ಣ. ಅಲ್ಲಿ ಯಾವ ನೆಪವೂ ಬೇಡ, ಯಾರ ಸಾಂತ್ವನವೂ ಮುಟ್ಟದು. ಶೋಕಿಸುವವನಿಗೆ ಲೋಕವು ಬರಿದಾಗಿ ಕಾಣುತ್ತದೆ. ಖಿನ್ನನಿಗೆ ತಾನೇ ಬರಿದೆಂದು, ತಾನು ಯಾವುದಕ್ಕೂ ಬಾರದವನೆಂದು ತೋರುತ್ತದೆ. ಶೋಕಿಸುವವನು ಸತ್ತವರಿಗಾಗಿ ಹಂಬಲಿಸುವನು. ಖಿನ್ನನಲ್ಲಿ ಹಂಬಲವೇ ಬತ್ತಿಹೋಗಿರುವುದು.

ಇಲ್ಲಿ ನಮ್ಮ ಶಾಸ್ತ್ರದವರಿಗೆ ಒಂದು ಉಪಮೆಯು ಒಡನೆಯೇ ಹೊಳೆಯುವುದು: ಗಾಳಿಯಲ್ಲಿ ಆಡುವ ಲೋಲಕ. ಅದರ ತೂಗಾಟವು ಸಲಸಲಕ್ಕೂ ಕಿರಿದಾಗುತ್ತ ನಿಲ್ಲುವಂತೆ ಶೋಕವೂ ನಿಲ್ಲುವುದೆಂದು ಹೇಳಿಬಿಡಬಹುದು. ಆದರೆ ಈ ಉಪಮೆಯನ್ನು ನಾವು ಒಪ್ಪಲಾರೆವು. ಲೋಲಕವನ್ನು ಯಾರೂ ನಡುವೆ ನೂಕುವುದಿಲ್ಲ. ಶೋಕಿಸುವವನನ್ನಾದರೋ ಹಬ್ಬ, ಹುಟ್ಟಿದ ದಿನ, ಬೀದಿಯಲ್ಲಿ ಕಂಡ ಅದೇ ಬಗೆಯ ನಡಿಗೆ ಮತ್ತೆ ಮತ್ತೆ ನೂಕುತ್ತಿರುವುವು. ಹೀಗಾಗಿ ಮೂರನೆಯ ವರ್ಷದ ಒಂದು ತೆರೆಯು ಮೂರನೆಯ ತಿಂಗಳಿನದಕ್ಕಿಂತ ದೊಡ್ಡದಾಗಿರಬಹುದು. ಕ್ರಮೇಣ ಹೆಚ್ಚುವುದು ತೆರೆಗಳ ನಡುವಣ ಬಿಡುವು. ಇದೇ ಕಾರಣದಿಂದ, ಶೋಕಕ್ಕೆ ಐದು ಮೆಟ್ಟಿಲುಗಳೆಂದು ಎಲ್ಲೆಲ್ಲಿಯೂ ಕೇಳಿಬರುವ ಮಾತನ್ನೂ ಎಚ್ಚರದಿಂದ ಸ್ವೀಕರಿಸಬೇಕು. ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ಹೇಳಿದುದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು. ಬದುಕಿ ಉಳಿದವರಿಗೆ ಅದನ್ನು ಅನ್ವಯಿಸಿದುದು ಅನಂತರದ ಮಾತು. ‘ನನಗೆ ಎರಡನೆಯ ಮೆಟ್ಟಿಲೇ ಬರಲಿಲ್ಲವಲ್ಲ’ ಎಂದು ಯಾರೂ ಕೊರಗಬೇಕಾದುದಿಲ್ಲ.

ಶೋಕವನ್ನೂ ಖಿನ್ನತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಲ್ಲಿ ಸಿಗ್ಮಂಡ್ ಫ್ರಾಯ್ಡನು ಪ್ರಸಿದ್ಧನು. 1917ರ ತನ್ನ ಪ್ರಬಂಧದಲ್ಲಿ, ಶೋಕವನ್ನು ರೋಗವೆಂದು ಎಣಿಸಿ ಚಿಕಿತ್ಸೆಗೆ ಒಪ್ಪಿಸುವುದು ಸಲ್ಲದೆಂದೂ, ಸತ್ತವರಲ್ಲಿ ನೆಟ್ಟ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡ ಮೇಲೆ ಅದು ತಾನಾಗಿ ತೀರುವುದೆಂದೂ ಅವನು ಬರೆದಿದ್ದನು. ಮೂರೇ ವರ್ಷಗಳಲ್ಲಿ, 1920ರ ಜನವರಿಯಲ್ಲಿ, ಅವನ 26 ವರ್ಷದ ಮಗಳು ಸೋಫಿಯು ಇನ್‌ಫ್ಲುಯೆಂಜದಿಂದ ಸತ್ತಳು. 1929ರಲ್ಲಿ, ಮಗನನ್ನು ಕಳೆದುಕೊಂಡಿದ್ದ ಸ್ನೇಹಿತ ಬಿನ್ಸ್‌ವಾಂಗರನಿಗೆ ಬರೆದ ಕಾಗದದಲ್ಲಿ ಫ್ರಾಯ್ಡನ ಧ್ವನಿಯೇ ಬೇರೆ. ಶೋಕದ ತೀವ್ರತೆಯು ಕಡಮೆಯಾಗುವುದಾದರೂ ಆ ಸ್ಥಾನವನ್ನು ಬೇರೆ ಯಾವುದೂ ತುಂಬಲಾರದು, ಹಾಗೆ ತುಂಬದಿರುವುದೇ ಸರಿ ಎಂಬುದು ಆ ಕಾಗದದ ತಾತ್ಪರ್ಯ. ಸೋಫಿ ಬದುಕಿದ್ದರೆ ಆ ದಿನ ಅವಳಿಗೆ 36 ವರ್ಷ ತುಂಬುತ್ತಿದ್ದಿತು.

ಶೋಕವು ರೋಗವಲ್ಲವೆಂದ ಮಾತ್ರಕ್ಕೆ ಅದು ದೇಹವನ್ನು ಮುಟ್ಟದೆಂದು ತಿಳಿಯಬಾರದು. ಲಂಡನ್ನಿನ ಮನೋವೈದ್ಯ ಕಾಲಿನ್ ಮರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ಒಂದು ಗಣನೆಯನ್ನು ಪ್ರಕಟಿಸಿದರು. 55 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 4,486 ವಿಧುರರಲ್ಲಿ ಹೆಂಡತಿ ಸತ್ತ ಆರು ತಿಂಗಳೊಳಗೆ ತೀರಿಕೊಂಡವರು 213 ಮಂದಿ. ಅದೇ ವಯಸ್ಸಿನ, ಹೆಂಡತಿಯಿರುವ ಗಂಡಸರಿಗೆ ಹೋಲಿಸಿದರೆ ಇದು ನೂರಕ್ಕೆ 40ರಷ್ಟು ಹೆಚ್ಚು. ಹೆಚ್ಚಿನ ಸಾವುಗಳಿಗೆ ಕಾರಣ ಹೃದಯಕ್ಕೆ ಸಂಬಂಧಿಸಿದ ರೋಗಗಳು. 1990ರಲ್ಲಿ ಜಪಾನಿನ ವೈದ್ಯರು ಇನ್ನೊಂದು ಸಂಗತಿಯನ್ನು ವರ್ಣಿಸಿದರು: ಮಹಾಘಾತದ ಸುದ್ದಿ ಕೇಳಿದ ಕೆಲವರಲ್ಲಿ, ರಕ್ತನಾಳಗಳಲ್ಲಿ ತಡೆಯೇನೂ ಇಲ್ಲದಿದ್ದರೂ, ಹೃದಯದ ಎಡ ಹೃತ್ಕುಕ್ಷಿಯ ತುದಿಯು ದುರ್ಬಲಗೊಂಡು ಬಲೂನಿನಂತೆ ಉಬ್ಬುವುದು. ಕಿರಿದಾದ ಕೊರಳು, ದುಂಡಾದ ಹೊಟ್ಟೆಯ ಆ ಆಕಾರವು ಜಪಾನಿನ ಬೆಸ್ತರು ಅಷ್ಟಪದಿಯನ್ನು ಹಿಡಿಯಲು ಬಳಸುವ ಮಡಕೆಯಂತಿರುವುದರಿಂದ ಅದಕ್ಕೆ ಆ ಮಡಕೆಯ ಹೆಸರೇ, ‘ಟಾಕೊಟ್ಸುಬೊ’ ಎಂದು ಬಂದಿತು. ಪುಣ್ಯಕ್ಕೆ, ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ಹೃದಯವು ಮೊದಲಿನಂತಾಗುವುದು. ಎದೆಯೊಡೆಯಿತು ಎಂಬ ನಮ್ಮ ಮಾತಿನಲ್ಲಿ ಇಷ್ಟು ಅಂಗರಚನಾಶಾಸ್ತ್ರವಿದೆಯೆಂದು ಯಾರು ಬಲ್ಲರು!

ಇನ್ನು ಕೆಲವರಲ್ಲಿ ಶೋಕವು ಇಳಿಯದೆ ನಿಂತುಬಿಡುವುದು. ವರ್ಷವಾದರೂ ಹಂಬಲವು ಮೊದಲ ವಾರದಂತೆಯೇ ಇದ್ದು, ಸತ್ತವರ ಕೋಣೆಗೆ ಕಾಲಿಡಲಾಗದೆ, ಕೆಲಸಕ್ಕೆ ಹೋಗಲಾಗದೆ ಇರುವವರುಂಟು. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಸ್ವಾಭಾವಿಕ ಮರಣದಿಂದ ಆಪ್ತರನ್ನು ಕಳೆದುಕೊಂಡ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುವುದೆಂದು ಅಂದಾಜು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿಯಲ್ಲಿ ಇದಕ್ಕೆ ‘ದೀರ್ಘಕಾಲಿಕ ಶೋಕವಿಕಾರ’ ಎಂಬ ಅರ್ಥದ ಹೆಸರಿದೆ. ಅಲ್ಲಿ ಗಡುವು ಕನಿಷ್ಠ ಆರು ತಿಂಗಳು. 2022ರಲ್ಲಿ ಅಮೆರಿಕದ ಮನೋವೈದ್ಯರು ಒಪ್ಪಿದ ಗಡುವು ವಯಸ್ಕರಿಗೆ ಒಂದು ವರ್ಷ. ದುಃಖಕ್ಕೂ ಪಂಚಾಂಗವೆ ಎಂದು ಕೆಲವರು ಆಕ್ಷೇಪಿಸಿರುವರು. ಆದರೆ ಆ ಪಟ್ಟಿಗಳೇ, ಶೋಕದ ಅವಧಿಯನ್ನು ಆಯಾ ಸಮಾಜದ ರೂಢಿಯೊಡನೆ ಹೋಲಿಸಿ ನೋಡಬೇಕೆಂದು ಹೇಳುತ್ತವೆ. ತಿಂಗಳು ತಿಂಗಳಿಗೆ ಮಾಸಿಕ, ವರ್ಷಕ್ಕೆ ವರ್ಷಾಬ್ದಿಕವೆಂದು ಸತ್ತವರನ್ನು ನೆನೆಯುವ ಮನೆಯಲ್ಲಿ ಹನ್ನೊಂದನೆಯ ತಿಂಗಳಿನ ಕಣ್ಣೀರನ್ನು ರೋಗವೆನ್ನುವಂತಿಲ್ಲ.

ಹೀಗೆ ನಿಂತುಹೋದ ಶೋಕಕ್ಕೆ ಚಿಕಿತ್ಸೆಯುಂಟೆ? ನ್ಯೂಯಾರ್ಕಿನ ಕ್ಯಾಥರೀನ್ ಶಿಯರ್ ಎಂಬ ಮನೋವೈದ್ಯೆ ಇದಕ್ಕಾಗಿಯೇ 16 ಭೇಟಿಗಳ ಒಂದು ಮಾತಿನ ಚಿಕಿತ್ಸೆಯನ್ನು ರೂಪಿಸಿರುವರು. ಸಾವಿನ ದಿನದ ಕಥೆಯನ್ನು ರೋಗಿಯು ಗಟ್ಟಿಯಾಗಿ ಹೇಳುವುದು, ಸತ್ತವರೊಡನೆ ಕಲ್ಪನೆಯಲ್ಲಿ ಮಾತನಾಡುವುದು, ದೂರವಿಟ್ಟಿದ್ದ ಸ್ಥಳಗಳಿಗೆ ನಿಧಾನವಾಗಿ ಹಿಂದಿರುಗುವುದು, ಇವು ಅದರ ಅಂಗಗಳು. 2016ರಲ್ಲಿ ಅವರೂ ಸಂಗಡಿಗರೂ 395 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಖಿನ್ನತೆಯ ಔಷಧ, ಕೆಲವರಿಗೆ ಔಷಧದಂತೆ ತೋರುವ ಬರಿಯ ಗುಳಿಗೆ. ಪ್ರತಿಯೊಂದು ಗುಂಪಿನಲ್ಲಿಯೂ ಕೆಲವರಿಗೆ ಈ ಮಾತಿನ ಚಿಕಿತ್ಸೆ. ಮಾತಿನ ಚಿಕಿತ್ಸೆಯು ಶೋಕವನ್ನು ಸ್ಪಷ್ಟವಾಗಿ ಹಗುರಮಾಡಿತು. ಔಷಧವು ಶೋಕವನ್ನು ಹಗುರಮಾಡಲಿಲ್ಲ. ಮಾತಿನ ಚಿಕಿತ್ಸೆಯ ಜತೆಗೆ ಕೊಟ್ಟಾಗ ಖಿನ್ನತೆಯ ಲಕ್ಷಣಗಳನ್ನು ಮಾತ್ರ ಕಡಮೆಮಾಡಿತು. ಜೇಮಿಸನ್ ತಮ್ಮ ಒಬ್ಬರ ಮನಸ್ಸಿನಲ್ಲಿ ಕಂಡ ಗೆರೆಯನ್ನೇ ಈ ಪರೀಕ್ಷೆಯು ಬೇರೊಂದು ದಾರಿಯಿಂದ ತೋರಿಸಿತೆಂದು ನಮಗೆ ತೋರುತ್ತದೆ.

ನಮ್ಮ ದೇಶದಲ್ಲಿ ಹೆಚ್ಚಿನವರು ಈ ಬಾಗಿಲುಗಳ ಬಳಿಗೇ ಹೋಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ರೋಗದಿಂದ ರೋಗಕ್ಕೆ ವ್ಯತ್ಯಾಸವಿದ್ದರೂ, ಮಾನಸಿಕ ರೋಗಗಳಿರುವವರಲ್ಲಿ ಚಿಕಿತ್ಸೆಯಿಲ್ಲದೆ ಉಳಿದವರು ನೂರಕ್ಕೆ 70ರಿಂದ 92ರವರೆಗೆ. ವೈದ್ಯರ ಅಭಾವವು ಒಂದು ಕಾರಣ; ಜೇಮಿಸನ್ನರನ್ನು ವರ್ಷಗಟ್ಟಲೆ ತಡೆದ ನಾಚಿಕೆಯು ಮತ್ತೊಂದು. ವಿದ್ಯಾರ್ಥಿಗಳಿಗೆ ಇದರಲ್ಲಿ ತಿಳಿದಿರಬೇಕಾದುದು ಸ್ವಲ್ಪವೇ. ಮನೆಯಲ್ಲಿ ಸಾವಾದಾಗ ಅಳು, ನಿದ್ರೆಯಿಲ್ಲದ ರಾತ್ರಿಗಳು, ಪಾಠ ತಲೆಗೆ ಹತ್ತದಿರುವುದು, ಇವು ಶೋಕದ ನಡೆ. ಅದಕ್ಕೆ ಹತ್ತಿರದವರ ಸಂಗವೇ ಬೇಕಾದುದು. ಆದರೆ ವಾರಗಟ್ಟಲೆ ಯಾವುದರಲ್ಲಿಯೂ ರುಚಿಯಿಲ್ಲದೆ, ತಾನು ಕೆಲಸಕ್ಕೆ ಬಾರದವನೆಂಬ ಭಾವವು ಕಾಡುತ್ತಿದ್ದರೆ, ಬದುಕೇ ಬೇಡವೆಂಬ ಯೋಚನೆಯು ಸುಳಿದರೆ, ಕಾಯಬಾರದು. ತಂದೆತಾಯಿಗಳಿಗೋ ಅಧ್ಯಾಪಕರಿಗೋ ಹೇಳಬೇಕು. ಹೇಳಲು ಬಾಯಿ ಬಾರದಿದ್ದರೆ 14416 ಎಂಬ ದೂರವಾಣಿ ಸಂಖ್ಯೆಯಿದೆ. ಭಾರತ ಸರ್ಕಾರದ ಟೆಲಿ ಮಾನಸ್ ಎಂಬ ಈ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಯಿತು; ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಕರೆಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತ ಸಲಹೆಗಾರರು ಮಾತನಾಡುವರು. ಅಗತ್ಯ ಕಂಡರೆ ಅವರೇ ಮನೋವೈದ್ಯರಿಗೆ ಒಪ್ಪಿಸುವರು.